ಹದಿಹರೆಯದವರ ಥ್ರಿಲ್ಲರ್‌ಗಳಲ್ಲಿ ಆನ್‌ಲೈನ್ ವದಂತಿ ಮತ್ತು ಸುಳ್ಳು ಆರೋಪ

ಇಂಗ್ಲಿಷಿನಲ್ಲಿ ‘ಯಂಗ್ ಅಡಲ್ಟ್’ ಎಂದು ಕರೆಯುವ, ಹದಿಹರೆಯದ ಓದುಗರಿಗಾಗಿ ಬರೆದ ಕಾದಂಬರಿಗಳಲ್ಲಿ ಆನ್‌ಲೈನ್ ವದಂತಿ ಮತ್ತು ಸುಳ್ಳು ಆರೋಪದ ಸುತ್ತ ಹೆಣೆದ ಥ್ರಿಲ್ಲರ್‌ಗಳದ್ದೇ ಈಗ ಒಂದು ಪ್ರತ್ಯೇಕ ಸಾಲು. ಇವುಗಳ ಚೌಕಟ್ಟು ಹೆಚ್ಚುಕಡಿಮೆ ಒಂದೇ: ಒಂದು ಹೈಸ್ಕೂಲು, ಒಂದು ಸಾವು ಅಥವಾ ನಾಪತ್ತೆ, ಎಲ್ಲರ ಮೊಬೈಲಿಗೂ ಒಟ್ಟಿಗೇ ಬಂದು ಬೀಳುವ ಅನಾಮಧೇಯ ಸಂದೇಶ, ಅದರ ಬೆನ್ನಿಗೇ ಎಲ್ಲರ ಕಣ್ಣಿಗೂ ಗುರಿಯಾಗುವ ಒಬ್ಬ ವಿದ್ಯಾರ್ಥಿ. ಹಳೆಯ ಪತ್ತೇದಾರಿ ಕಥೆಯಲ್ಲಿ ಅನುಮಾನ ಪಡುವ ಕೆಲಸ ಪೊಲೀಸರದು ಅಥವಾ ಪತ್ತೇದಾರನದು. ಇಲ್ಲಿ ತನಿಖೆ ಶುರುವಾಗುವ ಮೊದಲೇ ಇಡೀ ಶಾಲೆ, ಇಡೀ ಊರು ತೀರ್ಪು ಕೊಟ್ಟು ಮುಗಿಸಿರುತ್ತದೆ. ಹಾಗಾಗಿ ‘ಯಾರು ಮಾಡಿದರು’ ಎಂಬ ಪ್ರಶ್ನೆಯ ಜೊತೆಗೆ ‘ಯಾರು ನಂಬಿದರು, ಯಾಕೆ ನಂಬಿದರು’ ಎಂಬ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಈ ಎರಡೂ ಒಂದಕ್ಕೊಂದು ಅಷ್ಟಾಗಿ ಹೊಂದುವುದಿಲ್ಲ. ಥ್ರಿಲ್ಲರಿನ ಕೊನೆಯ ಅಧ್ಯಾಯದಲ್ಲಿ ಒಬ್ಬ ಅಪರಾಧಿ ಸಿಕ್ಕಿಬೀಳಬೇಕು. ವದಂತಿಗೆ ಅಂಥ ಒಬ್ಬನೇ ಅಪರಾಧಿ ಇರುವುದಿಲ್ಲ. ಈ ತೊಡಕನ್ನು ಹೇಗೆ ನಿಭಾಯಿಸಿವೆ ಎಂಬುದರಲ್ಲೇ ಈ ಪ್ರಕಾರದ ಮುಖ್ಯ ಕೃತಿಗಳ ಬಲವೂ ಮಿತಿಯೂ ಇದೆ.

ಹಿನ್ನೆಲೆ

ಎಳೆಯರ ಬಾಯಿಂದ ಹೊರಟ ಆರೋಪ ದೊಡ್ಡವರ ಲೋಕವನ್ನು ಬುಡಮೇಲು ಮಾಡುವ ಕಥೆ ಇಂಟರ್‌ನೆಟ್‌ಗಿಂತ ಬಹಳ ಹಳೆಯದು. 1692ರಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನ ಸೇಲಂನಲ್ಲಿ 9 ಮತ್ತು 11 ವರ್ಷದ ಇಬ್ಬರು ಹುಡುಗಿಯರ ವಿಚಿತ್ರ ವರ್ತನೆಯಿಂದ ಶುರುವಾದ ಮಾಟದ ಆರೋಪಗಳು ತಿಂಗಳುಗಳೊಳಗೆ 19 ಜನರನ್ನು ನೇಣುಗಂಬಕ್ಕೆ ಏರಿಸಿದವು. ಇದನ್ನು ಆಧರಿಸಿ ಆರ್ಥರ್ ಮಿಲ್ಲರ್ 1953ರಲ್ಲಿ ‘ದಿ ಕ್ರೂಸಿಬಲ್’ ನಾಟಕ ಬರೆದರು. ಅಮೆರಿಕದಲ್ಲಿ ಕಮ್ಯುನಿಸ್ಟರೆಂಬ ಹಣೆಪಟ್ಟಿ ಹಚ್ಚಿ ಜನರನ್ನು ಬೇಟೆಯಾಡುತ್ತಿದ್ದ ಕಾಲ ಅದು.

ಶಾಲೆಯೊಳಗಿನ ಆರೋಪಕ್ಕೆ ಇನ್ನೂ ಹತ್ತಿರದ ಉದಾಹರಣೆ ಎಡಿನ್‌ಬರೋದ್ದು. 1810ರಲ್ಲಿ ಅಲ್ಲಿನ ಹೆಣ್ಣುಮಕ್ಕಳ ವಸತಿಶಾಲೆಯೊಂದರಲ್ಲಿ ಓದುತ್ತಿದ್ದ, ಭಾರತದಲ್ಲಿ ಹುಟ್ಟಿದ ವಿದ್ಯಾರ್ಥಿನಿಯೊಬ್ಬಳು ತನ್ನ ಇಬ್ಬರು ಶಿಕ್ಷಕಿಯರ ನಡುವೆ ದೈಹಿಕ ಸಂಬಂಧವಿದೆ ಎಂದು ಅಜ್ಜಿಗೆ ಹೇಳಿದಳು. ಅಜ್ಜಿ ಉಳಿದ ಪೋಷಕರಿಗೆ ವಿಷಯ ಮುಟ್ಟಿಸಿದರು. ಒಂದೆರಡು ದಿನಗಳಲ್ಲಿ ಶಾಲೆ ಬರಿದಾಯಿತು. ಶಿಕ್ಷಕಿಯರು ಹೂಡಿದ ಮಾನಹಾನಿ ಮೊಕದ್ದಮೆ 1819ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಅವರ ಪರವಾಗಿ ಇತ್ಯರ್ಥವಾಗುವ ಹೊತ್ತಿಗೆ ಶಾಲೆ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಲಿಲಿಯನ್ ಹೆಲ್ಮನ್‌ರ ‘ದಿ ಚಿಲ್ಡ್ರನ್ಸ್ ಅವರ್’ (1934) ನಾಟಕಕ್ಕೆ ಈ ಪ್ರಕರಣವೇ ಮೂಲ. ಹಬ್ಬಲು ದಿನ ಸಾಕು, ಅಲ್ಲಗಳೆಯಲು ವರ್ಷಗಳು ಬೇಕು ಎಂಬ ಆರೋಪದ ಈ ಲೆಕ್ಕ ಇಂದಿನ ಥ್ರಿಲ್ಲರ್‌ಗಳಲ್ಲೂ ಬದಲಾಗಿಲ್ಲ.

ಹದಿಹರೆಯದವರ ಸಾಹಿತ್ಯದ ಒಳಗೆ 1999 ಮುಖ್ಯವಾದ ವರ್ಷ. ಆ ವರ್ಷ ಬಂದ ವಾಲ್ಟರ್ ಡೀನ್ ಮೈಯರ್ಸ್‌ರ ‘ಮಾನ್‌ಸ್ಟರ್’ನಲ್ಲಿ ಹಾರ್ಲೆಮ್‌ನ 16ರ ಹುಡುಗ ಸ್ಟೀವ್ ಕೊಲೆ ಆರೋಪದ ಮೇಲೆ ವಿಚಾರಣೆ ಎದುರಿಸುತ್ತಾನೆ, ತನ್ನ ಕಥೆಯನ್ನು ತಾನೇ ಚಿತ್ರಕಥೆಯ ರೂಪದಲ್ಲಿ ಬರೆಯುತ್ತಾನೆ. ಅವನ ಪಾತ್ರ ನಿಜಕ್ಕೂ ಎಷ್ಟಿತ್ತು ಎಂಬುದನ್ನು ಲೇಖಕರು ಕೊನೆಗೂ ಬಿಟ್ಟುಕೊಡುವುದಿಲ್ಲ. ಅದೇ ವರ್ಷದ ಲಾರಿ ಹಾಲ್ಸ್ ಆಂಡರ್ಸನ್‌ರ ‘ಸ್ಪೀಕ್’ನಲ್ಲಿ ಪಾರ್ಟಿಯೊಂದಕ್ಕೆ ಪೊಲೀಸರನ್ನು ಕರೆಸಿದಳೆಂದು ಇಡೀ ಶಾಲೆ ಮೆಲಿಂಡಾಳನ್ನು ದೂರವಿಡುತ್ತದೆ, ಅಂದು ಅವಳ ಮೇಲೆ ಅತ್ಯಾಚಾರವಾಗಿತ್ತೆಂಬುದು ಯಾರಿಗೂ ಗೊತ್ತಿರುವುದಿಲ್ಲ. ಹದಿಹರೆಯದವರ ಸಾಹಿತ್ಯಕ್ಕಾಗಿ ಅಮೆರಿಕದಲ್ಲಿ ಹುಟ್ಟುಹಾಕಿದ ಪ್ರಿಂಟ್ಜ್ ಪ್ರಶಸ್ತಿ 2000ರಲ್ಲಿ ಮೊದಲ ಬಾರಿಗೆ ‘ಮಾನ್‌ಸ್ಟರ್’ಗೆ ಸಂದಿತು, ‘ಸ್ಪೀಕ್’ ಗೌರವ ಪುಸ್ತಕಗಳ ಪಟ್ಟಿಯಲ್ಲಿತ್ತು. ಆರೋಪಿಯ ಕಡೆಯಿಂದ ಒಂದು, ಯಾರೂ ನಂಬದ ಸಂತ್ರಸ್ತೆಯ ಕಡೆಯಿಂದ ಇನ್ನೊಂದು: ಮುಂದೆ ಬಂದ ಕೃತಿಗಳಲ್ಲಿ ಹಲವು ಈ ಎರಡು ದಾರಿಗಳಲ್ಲೇ ನಡೆದವು.

ಮಾಧ್ಯಮ ಬದಲಾದಂತೆ

ವದಂತಿ ಓಡಾಡುವ ದಾರಿ ಬದಲಾದಂತೆ ಕಥೆಯ ಯಂತ್ರವೂ ಬದಲಾಯಿತು. ಸೆಸಿಲಿ ವಾನ್ ಜೀಗೆಸರ್‌ರ ‘ಗಾಸಿಪ್ ಗರ್ಲ್’ (2002) ಮ್ಯಾನ್‌ಹ್ಯಾಟನ್‌ನ ಶ್ರೀಮಂತ ಮಕ್ಕಳ ಗುಟ್ಟುಗಳನ್ನು ಹೊರಹಾಕುವ ಅನಾಮಧೇಯ ವೆಬ್‌ಸೈಟಿನ ಕಥೆ. ಅಲ್ಲಿ ಮಾನ ಹೋಗುತ್ತದೆ, ಪ್ರಾಣ ಹೋಗುವುದಿಲ್ಲ. ಸಾರಾ ಶೆಪರ್ಡ್‌ರ ‘ಪ್ರೆಟಿ ಲಿಟ್ಲ್ ಲೈಯರ್ಸ್’ (2006) ಅದಕ್ಕೆ ಕೊಲೆಯ ಎಳೆಯನ್ನು ಸೇರಿಸಿತು: ನಾಪತ್ತೆಯಾದ ಗೆಳತಿಗೆ ಮಾತ್ರ ಗೊತ್ತಿದ್ದ ಗುಟ್ಟುಗಳನ್ನು ಹಿಡಿದು ‘ಎ’ ಎಂಬ ಹೆಸರಿನಲ್ಲಿ ಎಸ್‌ಎಂಎಸ್‌ಗಳು ಬರತೊಡಗುತ್ತವೆ. ಜೇ ಆಶರ್‌ರ ‘ಥರ್ಟೀನ್ ರೀಸನ್ಸ್ ವೈ’ (2007) ಮಾಧ್ಯಮದ ವಿಷಯದಲ್ಲಿ ಹಿಂದಕ್ಕೆ ಹೋಗಿ ಹಳೆಯ ಕ್ಯಾಸೆಟ್ಟುಗಳನ್ನು ಬಳಸಿದರೂ, ಒಂದು ಗಾಳಿಮಾತು ಹೇಗೆ ಮತ್ತೊಂದಕ್ಕೆ ದಾರಿ ಮಾಡಿಕೊಡುತ್ತದೆ ಎಂಬ ಸರಪಳಿಯನ್ನು ಸ್ಪಷ್ಟವಾಗಿ ತೋರಿಸಿತು. ಆತ್ಮಹತ್ಯೆಯನ್ನು ಸೇಡಿನ ಸಾಧನವಾಗಿ ಚಿತ್ರಿಸಿದ್ದಕ್ಕೆ ಅದು ಕಟುಟೀಕೆಗೂ ಒಳಗಾಯಿತು. ಅದರ ಸರಣಿರೂಪದಲ್ಲಿದ್ದ ಆತ್ಮಹತ್ಯೆಯ ದೃಶ್ಯವನ್ನು ನೆಟ್‌ಫ್ಲಿಕ್ಸ್ 2019ರಲ್ಲಿ ತೆಗೆದುಹಾಕಿತು.

ಇದೇ ಹೊತ್ತಿಗೆ ನಿಜಜೀವನದಲ್ಲೂ ಹೆಸರು ಹೇಳದೆ ಬರೆಯುವ ತಾಣಗಳು ಒಂದರ ಹಿಂದೆ ಒಂದರಂತೆ ಬಂದವು. ಅಮೆರಿಕದ ಕಾಲೇಜುಗಳಲ್ಲಿ ‘ಜ್ಯೂಸಿ ಕ್ಯಾಂಪಸ್’ 2007ರಿಂದ 2009ರವರೆಗೆ ನಡೆಯಿತು. 2013ರಲ್ಲಿ ಬಂದ ‘ಯಿಕ್ ಯಾಕ್’ ಆ್ಯಪ್ ಸುತ್ತಮುತ್ತಲ ಕೆಲವೇ ಮೈಲಿಯೊಳಗಿನವರ ಅನಾಮಧೇಯ ಬರಹಗಳನ್ನು ತೋರಿಸುತ್ತಿತ್ತು. ಹೈಸ್ಕೂಲುಗಳಲ್ಲಿ ಅದು ಪೀಡೆಯಾದಾಗ ಶಾಲೆಗಳ ಆವರಣದಲ್ಲಿ ಆ್ಯಪ್ ತೆರೆಯದಂತೆ ಕಂಪನಿಯೇ ತಡೆ ಹಾಕಬೇಕಾಯಿತು. ಆಮೇಲಿನ ಕಾದಂಬರಿಗಳಲ್ಲಿ ಬರುವ ಗಾಸಿಪ್ ಆ್ಯಪ್‌ಗಳು ಲೇಖಕರ ಕಲ್ಪನೆ ಮಾತ್ರವಲ್ಲ. ಓದುಗರ ಮೊಬೈಲಿನಲ್ಲೇ ಇದ್ದ ವಸ್ತುಗಳು.

ನಿಜದ ನಡುವೆ ಒಂದು ಸುಳ್ಳು

ಈ ಪ್ರಕಾರಕ್ಕೆ ಈಗಿನ ರೂಪ ಕೊಟ್ಟಿದ್ದು ಕರೆನ್ ಎಂ. ಮೆಕ್‌ಮ್ಯಾನಸ್‌ರ ‘ವನ್ ಆಫ್ ಅಸ್ ಈಸ್ ಲೈಯಿಂಗ್’ (2017). ಬೇವ್ಯೂ ಹೈಸ್ಕೂಲಿನಲ್ಲಿ ಮೊಬೈಲ್ ತಂದ ತಪ್ಪಿಗೆ ಐವರು ವಿದ್ಯಾರ್ಥಿಗಳನ್ನು ಶಾಲೆ ಬಿಟ್ಟ ಮೇಲೂ ಕೂರಿಸಲಾಗುತ್ತದೆ. ಚೀಲದಲ್ಲಿ ಸಿಕ್ಕ ಮೊಬೈಲ್ ತಮ್ಮದಲ್ಲವೆಂದು ಅವರು ಹೇಳುತ್ತಾರೆ. ಅವರಲ್ಲೊಬ್ಬ ಸೈಮನ್, ಶಾಲೆಯ ಗಾಸಿಪ್ ಆ್ಯಪ್ ನಡೆಸುವವನು. ಅವನು ನೀರು ಕುಡಿಯುತ್ತಾನೆ. ಲೋಟದಲ್ಲಿ ಕಡಲೆಕಾಯಿ ಎಣ್ಣೆಯ ಅಂಶವಿರುತ್ತದೆ, ಅವನಿಗೆ ಕಡಲೆಕಾಯಿ ಅಲರ್ಜಿ. ಶುಶ್ರೂಷಕಿಯ ಕೋಣೆಯಲ್ಲಿರಬೇಕಿದ್ದ ಚುಚ್ಚುಮದ್ದು ಅಲ್ಲಿರುವುದಿಲ್ಲ. ಅವನು ಸಾಯುತ್ತಾನೆ. ಮರುದಿನ ಆ್ಯಪ್‌ನಲ್ಲಿ ಪ್ರಕಟವಾಗಬೇಕಿದ್ದದ್ದು ಉಳಿದ ನಾಲ್ವರ ಗುಟ್ಟುಗಳು ಎಂದು ತಿಳಿದ ಕೂಡಲೇ ನಾಲ್ವರೂ ಶಂಕಿತರಾಗುತ್ತಾರೆ.

ಇಲ್ಲಿ ಗಮನಿಸಬೇಕಾದ್ದು ಸೈಮನ್‌ಗಿದ್ದ ಹೆಸರು. ಅವನು ಬರೆದದ್ದು ಸುಳ್ಳಾದದ್ದಿಲ್ಲ ಎಂಬುದು ಶಾಲೆಯ ನಂಬಿಕೆ. ಜನರನ್ನು ಹೆಸರಿನ ಮೊದಲಕ್ಷರಗಳಲ್ಲಷ್ಟೇ ಸೂಚಿಸಿದರೂ ಎಲ್ಲರಿಗೂ ಅರ್ಥವಾಗುತ್ತದೆ. ಹೀಗೆ ಗಳಿಸಿದ ವಿಶ್ವಾಸದ ಮರೆಯಲ್ಲೇ ಸುಳ್ಳು ನುಸುಳುತ್ತದೆ. ನಾಲ್ವರಲ್ಲಿ ಬೇಸ್‌ಬಾಲ್ ಆಟಗಾರ ಕೂಪರ್ ಬಗ್ಗೆ ಸಿಕ್ಕಿದ ಬರಹ ಅವನು ಉದ್ದೀಪನ ಮದ್ದು ಬಳಸುತ್ತಾನೆ ಎಂದು ಹೇಳುತ್ತದೆ. ಅದು ಸುಳ್ಳು. ಮೂಲ ಬರಹ ಅವನು ಸಲಿಂಗಿ ಎಂಬುದಾಗಿತ್ತು, ಅದನ್ನು ತೆಗೆದು ಇದನ್ನು ಇಡಲಾಗಿರುತ್ತದೆ. ಮೂರು ನಿಜಗಳ ಪಕ್ಕದಲ್ಲಿ ಕೂತಿರುವುದರಿಂದ ನಾಲ್ಕನೆಯ ಸುಳ್ಳನ್ನು ಯಾರೂ ತೂಗಿ ನೋಡುವುದಿಲ್ಲ. ಕೊನೆಗೆ ಬಂಧನವಾಗುವವನು ಮಾದಕ ವಸ್ತು ಮಾರಿದ್ದಕ್ಕೆ ಆಗಲೇ ಶಿಕ್ಷೆಯ ನಿಗಾದಲ್ಲಿರುವ ನೇಟ್. ಅವನ ವಿರುದ್ಧ ಸಾಕ್ಷ್ಯಕ್ಕಿಂತ ಮೊದಲೇ ಕೆಲಸ ಮಾಡುವುದು ಅವನ ಹೆಸರು, ಅವನ ಮನೆತನ.

ಮೆಕ್‌ಮ್ಯಾನಸ್ ತೊಡಕನ್ನು ಬಿಡಿಸುವುದು ಒಬ್ಬ ಸೂತ್ರಧಾರನನ್ನು ತೋರಿಸಿ: ಇಡೀ ಸಂಚನ್ನು ಹೆಣೆದವನು ಸತ್ತ ಸೈಮನ್‌ನೇ, ಅವನಿಗೆ ನೆರವಾದವರು ಬೇರೆಯವರು. ಒಗಟಾಗಿ ಇದು ಚೊಕ್ಕಟವಾಗಿದೆ. ಆದರೆ ದಿನವೂ ಆ್ಯಪ್ ತೆರೆದು ಓದಿ ಮಜಾ ತೆಗೆದುಕೊಂಡ ನೂರಾರು ವಿದ್ಯಾರ್ಥಿಗಳ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಖಿನ್ನತೆಯಲ್ಲಿರುವ ಹುಡುಗನನ್ನು ಸೇಡಿನ ಸೂತ್ರಧಾರನನ್ನಾಗಿಸಿದ ಬಗ್ಗೆ ಆಕ್ಷೇಪಗಳೂ ಬಂದಿವೆ. ಮುಂದಿನ ಭಾಗ ‘ವನ್ ಆಫ್ ಅಸ್ ಈಸ್ ನೆಕ್ಸ್ಟ್’ (2020) ಆ್ಯಪ್ ಹೋದ ಜಾಗಕ್ಕೆ ಮೊಬೈಲ್ ಸಂದೇಶದ ಆಟವೊಂದನ್ನು ತರುತ್ತದೆ. ತಾಣ ಮುಚ್ಚಿದರೂ ಅದರ ಗಿರಾಕಿಗಳು ಹೋಗುವುದಿಲ್ಲ ಎಂಬುದು ಅದರ ಒಳ್ಳೆಯ ಗ್ರಹಿಕೆ.

ಪತ್ತೇದಾರಿಣಿಯೇ ಆರೋಪ ಹೊರಿಸಿದಾಗ

ಬ್ರಿಟನ್ನಿನ ಹಾಲಿ ಜಾಕ್ಸನ್‌ರ ‘ಎ ಗುಡ್ ಗರ್ಲ್ಸ್ ಗೈಡ್ ಟು ಮರ್ಡರ್’ (2019) ಸರಣಿ ಇದೇ ವಸ್ತುವನ್ನು ಮೂರು ಪುಸ್ತಕಗಳುದ್ದಕ್ಕೂ ಬೆಳೆಸಿದೆ. ಲಿಟ್ಲ್ ಕಿಲ್ಟನ್ ಎಂಬ ಪುಟ್ಟ ಊರಿನಲ್ಲಿ ಆ್ಯಂಡಿ ಎಂಬ ಹುಡುಗಿ ಕಾಣೆಯಾಗಿ ಐದು ವರ್ಷವಾಗಿದೆ. ಅವಳ ಗೆಳೆಯ ಸಾಲ್ ಸಿಂಗ್ ಮೊಬೈಲಿನಲ್ಲಿ ತಪ್ಪೊಪ್ಪಿಗೆ ಕಳಿಸಿ ಆತ್ಮಹತ್ಯೆ ಮಾಡಿಕೊಂಡ ಎಂದು ಊರು ನಂಬಿದೆ. ಆರೋಪಿಯೇ ಸತ್ತದ್ದರಿಂದ ವಿಚಾರಣೆಯೇ ನಡೆದಿಲ್ಲ. ತೀರ್ಪು ಮಾತ್ರ ಆಗಿಹೋಗಿದೆ. ಅದನ್ನು ದಿನವೂ ಅನುಭವಿಸುತ್ತಿರುವುದು ಊರಿನವರೆಲ್ಲ ದೂರವಿಟ್ಟಿರುವ ಭಾರತೀಯ ಮೂಲದ ಸಿಂಗ್ ಕುಟುಂಬ. ಪಿಪ್ ಎಂಬ ವಿದ್ಯಾರ್ಥಿನಿ ಶಾಲಾ ಪ್ರಾಜೆಕ್ಟಿನ ನೆಪದಲ್ಲಿ, ಸಾಲ್‌ನ ತಮ್ಮ ರವಿಯ ಜೊತೆ ಸೇರಿ ಪ್ರಕರಣವನ್ನು ಮತ್ತೆ ಕೆದಕುತ್ತಾಳೆ. ಸಾಲ್ ಆ ರಾತ್ರಿ ತಮ್ಮೊಂದಿಗಿದ್ದ ಎಂದು ಮೊದಲು ಹೇಳಿದ ಗೆಳೆಯರು ಆಮೇಲೆ ಮಾತು ಬದಲಿಸಿದ್ದೇಕೆ ಎಂಬಲ್ಲಿಂದ ಗಂಟು ಬಿಚ್ಚುತ್ತದೆ: ಅವರ ಹಳೆಯ ತಪ್ಪೊಂದನ್ನು ಹಿಡಿದು ಯಾರೋ ಬೆದರಿಸಿರುತ್ತಾರೆ.

ಎರಡನೆಯ ಪುಸ್ತಕದಲ್ಲಿ ಪಿಪ್ ಪಾಡ್‌ಕಾಸ್ಟ್ ನಡೆಸುತ್ತಾಳೆ. ಇದರ ಹಿಂದೆ 2014ರ ‘ಸೀರಿಯಲ್’ ಪಾಡ್‌ಕಾಸ್ಟಿನ ನೆರಳಿದೆ. ಬಾಲ್ಟಿಮೋರ್‌ನಲ್ಲಿ 1999ರಲ್ಲಿ ನಡೆದ ವಿದ್ಯಾರ್ಥಿನಿಯ ಕೊಲೆಯನ್ನು ಮತ್ತೆ ಪರಿಶೀಲಿಸಿದ ಆ ಕಾರ್ಯಕ್ರಮ ಲಕ್ಷಾಂತರ ಕೇಳುಗರನ್ನು ಹವ್ಯಾಸಿ ಪತ್ತೇದಾರರನ್ನಾಗಿಸಿತು. ಕೋರ್ಟ್ನಿ ಸಮ್ಮರ್ಸ್‌ರ ‘ಸೇಡೀ’ (2018) ಕೂಡ ಅರ್ಧ ಪಾಡ್‌ಕಾಸ್ಟಿನ ರೂಪದಲ್ಲೇ ಇದೆ. ಆದರೆ ಜಾಕ್ಸನ್ ಪಾಡ್‌ಕಾಸ್ಟನ್ನು ಬರೀ ತಂತ್ರವಾಗಿ ಬಳಸದೆ ಅದರ ಬೆಲೆಯನ್ನೂ ಕೇಳುತ್ತಾರೆ. ಕೋರ್ಟು ಖುಲಾಸೆ ಮಾಡಿದ ಯುವಕನೊಬ್ಬನ ತಪ್ಪೊಪ್ಪಿಗೆಯ ಧ್ವನಿಮುದ್ರಣವನ್ನು ಪಿಪ್ ಆನ್‌ಲೈನಿಗೆ ಹಾಕುತ್ತಾಳೆ. ಮೂರನೆಯ ಪುಸ್ತಕ ‘ಆ್ಯಸ್ ಗುಡ್ ಆ್ಯಸ್ ಡೆಡ್’ನಲ್ಲಿ (2021) ಅವನು ಮಾನಹಾನಿ ದಾವೆಯ ಬೆದರಿಕೆ ಹಾಕುತ್ತಾನೆ. ಆ ಪುಸ್ತಕದ ಕೊನೆಗೆ ಸರಣಿ ತಲೆಕೆಳಗಾಗುತ್ತದೆ: ತನ್ನನ್ನು ಅಪಹರಿಸಿದವನನ್ನು ಕೊಂದ ಪಿಪ್, ಆ ಕೊಲೆಯ ಸಾಕ್ಷ್ಯಗಳನ್ನು ಜೋಡಿಸಿ ಅದೇ ಯುವಕನ ಮೇಲೆ ಹೊರಿಸುತ್ತಾಳೆ. ಸತ್ತ ಹುಡುಗನ ಮೇಲಿದ್ದ ಸುಳ್ಳು ಆರೋಪ ತೊಳೆದವಳೇ ಬದುಕಿರುವವನ ಮೇಲೆ ಸುಳ್ಳು ಆರೋಪ ಕಟ್ಟುತ್ತಾಳೆ. ಅವನು ಇನ್ನೊಂದು ಅಪರಾಧದಲ್ಲಿ ತಪ್ಪಿತಸ್ಥ ಎಂಬುದು ಓದುಗರಿಗೆ ಗೊತ್ತು. ಅದಕ್ಕೇ ಈ ಅನ್ಯಾಯಕ್ಕೆ ತಾವೂ ತಲೆದೂಗಿದೆವಲ್ಲ ಎಂಬ ಇಕ್ಕಟ್ಟು ಅವರದೂ ಆಗುತ್ತದೆ. ‘ಯಾರು ನಂಬಿದರು’ ಎಂಬ ಪ್ರಶ್ನೆಯನ್ನು ಓದುಗರ ಮುಂದೆಯೇ ಇಡುವ ಇಂಥ ಧೈರ್ಯ ಈ ಪ್ರಕಾರದಲ್ಲಿ ಅಪರೂಪ.

ಅನುಮಾನ ಯಾರ ಮೇಲೆ ಬೇಗ ಬೀಳುತ್ತದೆ

ವದಂತಿ ಎಲ್ಲರನ್ನೂ ಒಂದೇ ಸಮನಾಗಿ ಹಿಡಿಯುವುದಿಲ್ಲ ಎಂಬುದನ್ನು ಕಪ್ಪು ಮತ್ತು ಏಷ್ಯಾ ಮೂಲದ ಲೇಖಕಿಯರು ಮುನ್ನೆಲೆಗೆ ತಂದರು. ಕಿಮ್ ಜಾನ್ಸನ್‌ರ ‘ದಿಸ್ ಈಸ್ ಮೈ ಅಮೆರಿಕ’ದಲ್ಲಿ (2020) ತಂದೆ ಮರಣದಂಡನೆಗೆ ಗುರಿಯಾಗಿ ಜೈಲಿನಲ್ಲಿರುವಾಗಲೇ ಅಣ್ಣನ ಮೇಲೆ ಬಿಳಿಯ ಹುಡುಗಿಯೊಬ್ಬಳ ಕೊಲೆಯ ಆರೋಪ ಬರುತ್ತದೆ. ಫರೀದಾ ಅಬಿಕೆ-ಇಯಿಮಿಡೆಯವರ ‘ಏಸ್ ಆಫ್ ಸ್ಪೇಡ್ಸ್’ನಲ್ಲಿ (2021) ಪ್ರತಿಷ್ಠಿತ ಖಾಸಗಿ ಶಾಲೆಯೊಂದರ ಇಬ್ಬರು ಕಪ್ಪು ವಿದ್ಯಾರ್ಥಿಗಳ ಗುಟ್ಟುಗಳನ್ನು ‘ಏಸಸ್’ ಎಂಬ ಅನಾಮಧೇಯ ಸಂದೇಶಕಾರ ಎಲ್ಲರ ಮೊಬೈಲಿಗೆ ಕಳಿಸುತ್ತಾನೆ. ಸಾಮಾನ್ಯ ಥ್ರಿಲ್ಲರಿನಲ್ಲಿ ಇಂಥ ಕಡೆ ಒಬ್ಬ ಅಸೂಯಾಪರ ಸಹಪಾಠಿ ಸಿಕ್ಕಿಬೀಳುತ್ತಿದ್ದ. ಇಲ್ಲಿ ಹೊರಬೀಳುವುದು ಇಡೀ ಸಂಸ್ಥೆಯ ಕೈವಾಡ. ಒಬ್ಬ ಅಪರಾಧಿಯ ಜಾಗದಲ್ಲಿ ವ್ಯವಸ್ಥೆಯನ್ನು ನಿಲ್ಲಿಸಿದ್ದರಿಂದ ಮೇಲೆ ಹೇಳಿದ ತೊಡಕಿಗೆ ಈ ಕಾದಂಬರಿ ಇನ್ನೊಂದು ಬಗೆಯ ಉತ್ತರ ಕೊಟ್ಟಂತಾಯಿತು. ಕಥೆಯ ಸಂಭವನೀಯತೆ ತುಸು ಸಡಿಲವಾಯಿತು ಎಂಬುದೂ ನಿಜ.

ಮುಂಬೈಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಸಮೀರಾ ಅಹ್ಮದ್‌ರ ‘ಹಾಲೋ ಫೈರ್ಸ್’ (2022) ಈ ಸಾಲಿನಲ್ಲಿ ವಾಸ್ತವಕ್ಕೆ ತೀರ ಹತ್ತಿರದ್ದು. 14 ವರ್ಷದ ಜವಾದ್ ಶಾಲೆಯ ಕಾರ್ಯಾಗಾರದಲ್ಲಿ ಹ್ಯಾಲೋವೀನ್ ವೇಷಕ್ಕೆಂದು ಮಾಡಿದ ಆಟಿಕೆಯ ಜೆಟ್‌ಪ್ಯಾಕನ್ನು ಶಿಕ್ಷಕರು ಬಾಂಬ್ ಎಂದು ಭಾವಿಸುತ್ತಾರೆ. ಪೊಲೀಸರು ಬಿಟ್ಟು ಕಳಿಸಿದರೂ ಆನ್‌ಲೈನಿನಲ್ಲಿ ಅಂಟಿದ ‘ಬಾಂಬ್ ಹುಡುಗ’ ಎಂಬ ಹೆಸರು ಬಿಡುವುದಿಲ್ಲ. ಅವನು ಕಾಣೆಯಾಗುತ್ತಾನೆ. ಶಾಲಾ ಪತ್ರಿಕೆಯ ಸಂಪಾದಕಿ ಸಫಿಯಾ ಹುಡುಕುತ್ತಾಳೆ. ಅಧ್ಯಾಯಗಳ ನಡುನಡುವೆ ಟ್ವೀಟುಗಳು, ಸುದ್ದಿ ತುಣುಕುಗಳು, ದ್ವೇಷದ ಬರಹಗಳು ಬರುತ್ತವೆ. ಸತ್ತ ಜವಾದ್‌ನ ದನಿಯೂ ಇದೆ. 2015ರಲ್ಲಿ ಟೆಕ್ಸಸ್‌ನ ವಿದ್ಯಾರ್ಥಿಯೊಬ್ಬ ತಾನೇ ಜೋಡಿಸಿದ ಗಡಿಯಾರವನ್ನು ಶಾಲೆಗೆ ತಂದು ಬಂಧನಕ್ಕೊಳಗಾದ ಪ್ರಕರಣ ಬಲ್ಲವರಿಗೆ ಈ ಕಥೆಯ ಮೂಲ ದೂರದ್ದೆನಿಸುವುದಿಲ್ಲ.

ವದಂತಿಯ ವಿಜ್ಞಾನ, ವದಂತಿಯ ಬಲಿಗಳು

ಕಾದಂಬರಿಗಳು ಊಹಿಸಿ ಬರೆದದ್ದಕ್ಕೆ ಸಂಶೋಧನೆಯ ಆಧಾರವೂ ಇದೆ. ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ 1947ರ ತಮ್ಮ ಪುಸ್ತಕದಲ್ಲಿ, ವಿಷಯ ಜನರಿಗೆ ಎಷ್ಟು ಮುಖ್ಯವೋ ಮತ್ತು ಅದರ ಬಗ್ಗೆ ಮಾಹಿತಿ ಎಷ್ಟು ಮಸುಕೋ ಅಷ್ಟು ವದಂತಿ ಹಬ್ಬುತ್ತದೆ ಎಂದು ತೋರಿಸಿದರು. ಬಾಯಿಂದ ಬಾಯಿಗೆ ಹೋಗುವಾಗ ವಿವರಗಳು ಉದುರುತ್ತವೆ, ಉಳಿದ ಒಂದೆರಡು ಮೊನಚಾಗುತ್ತವೆ, ಕೇಳುವವರ ಪೂರ್ವಗ್ರಹಕ್ಕೆ ತಕ್ಕಂತೆ ಒಗ್ಗಿಕೊಳ್ಳುತ್ತವೆ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಎಂಐಟಿ ಸಂಶೋಧಕರ ಅಧ್ಯಯನ, ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹಬ್ಬಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿತು. ನಿಜಕ್ಕಿಂತ ಸುಳ್ಳು ಮರುಹಂಚಿಕೆಯಾಗುವ ಸಾಧ್ಯತೆ ಶೇಕಡಾ 70 ಹೆಚ್ಚು; 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಆರು ಪಟ್ಟು ಸಮಯ ಬೇಕಾಯಿತು. ಇದಕ್ಕೆ ಮುಖ್ಯ ಕಾರಣ ಸ್ವಯಂಚಾಲಿತ ಖಾತೆಗಳಲ್ಲ, ಮನುಷ್ಯರೇ.

2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ರೆಡಿಟ್ ಬಳಕೆದಾರರು ಫೋಟೋಗಳನ್ನು ಹೋಲಿಸಿ, ಕೆಲವು ವಾರಗಳಿಂದ ಕಾಣೆಯಾಗಿದ್ದ ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬನನ್ನು ಬಾಂಬ್ ಇಟ್ಟವನೆಂದು ಹೆಸರಿಸಿದರು. ಅವನಿಗೂ ಸ್ಫೋಟಕ್ಕೂ ಸಂಬಂಧವೇ ಇರಲಿಲ್ಲ. ಕೆಲವು ದಿನಗಳಲ್ಲಿ ಅವನ ಶವ ಸಿಕ್ಕಿತು. ರೆಡಿಟ್ ಬಹಿರಂಗವಾಗಿ ಕ್ಷಮೆ ಕೇಳಿತು. ಕರ್ನಾಟಕಕ್ಕೂ ಇದರ ನೋವು ಹೊಸದಲ್ಲ. 2012ರ ಆಗಸ್ಟ್‌ನಲ್ಲಿ ಹಲ್ಲೆಯ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ರೈಲು ಹತ್ತಿದರು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪ್ರವಾಸಿಗರನ್ನು ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಬ್ಬಿಸಲಾಯಿತು. ಮುರ್ಕಿ ಬಳಿ ಜನ ಕಾರು ತಡೆದು ಹೊಡೆದರು. ಹೈದರಾಬಾದಿನ ಎಂಜಿನಿಯರ್ ಒಬ್ಬರು ಸತ್ತರು. ದೇಶದ ಹಲವೆಡೆ ಇಂಥ ಕೊಲೆಗಳು ನಡೆದ ಆ ತಿಂಗಳಲ್ಲೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ಪ್ರಕಟಿಸಿತು. ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಒಂದು ಕ್ಷಣ ಯೋಚಿಸಲು ಅವಕಾಶ ಕೊಟ್ಟಂತೆ.

ನಂಬದಿರುವುದೂ ಅನ್ಯಾಯ

ಸುಳ್ಳು ಆರೋಪದ ಕಥೆಗಳಿಗೆ ಒಂದು ಅಪಾಯವಿದೆ. ಅವು ಹೆಚ್ಚಾದಂತೆ ದೂರು ಕೊಡುವ ಹೆಣ್ಣುಮಕ್ಕಳೆಲ್ಲ ಸುಳ್ಳು ಹೇಳುತ್ತಾರೆಂಬ ಭಾವನೆಗೆ ನೀರೆರೆದಂತಾಗಬಹುದು. ಲೈಂಗಿಕ ದೌರ್ಜನ್ಯದ ದೂರುಗಳಲ್ಲಿ ಸುಳ್ಳಿನ ಪ್ರಮಾಣ ಶೇಕಡಾ 2ರಿಂದ 10 ಎಂದು 2010ರ ಅಮೆರಿಕದ ಅಧ್ಯಯನವೊಂದು ಹೇಳುತ್ತದೆ. ಆದ್ದರಿಂದ ಜವಾಬ್ದಾರಿಯುತ ಲೇಖಕಿಯರು ಆರೋಪಕ್ಕೂ ವದಂತಿಗೂ ಗೆರೆ ಎಳೆಯುತ್ತಾರೆ. ಸಮ್ಮರ್ಸ್‌ರ ‘ಆಲ್ ದಿ ರೇಜ್’ನಲ್ಲಿ (2015) ಊರಿನ ಪ್ರಭಾವಿಯ ಮಗನ ಬಗ್ಗೆ ನಿಜವನ್ನೇ ಹೇಳಿದ ಹುಡುಗಿಯನ್ನು ಊರು ಸುಳ್ಳಿಯೆಂದು ಕರೆಯುತ್ತದೆ. ಜೆನಿಫರ್ ಮ್ಯಾಥ್ಯೂರ ‘ದಿ ಟ್ರೂತ್ ಅಬೌಟ್ ಆಲಿಸ್’ನಲ್ಲಿ (2014) ಟೆಕ್ಸಸ್‌ನ ಸಣ್ಣ ಊರೊಂದು ಹುಡುಗನೊಬ್ಬನ ಅಪಘಾತದ ಸಾವಿಗೂ ಆಲಿಸ್ ಕಳಿಸಿದಳೆನ್ನಲಾದ ಮೊಬೈಲ್ ಸಂದೇಶಗಳೇ ಕಾರಣ ಎನ್ನುತ್ತದೆ. ಕಥೆಯನ್ನು ನಾಲ್ವರು ಹೇಳುತ್ತಾರೆ. ಪ್ರತಿಯೊಬ್ಬರಿಗೂ ಆ ಸುಳ್ಳನ್ನು ಉಳಿಸಿಕೊಳ್ಳಲು ಅಥವಾ ಸುಮ್ಮನಿರಲು ಒಂದು ಸ್ವಂತ ಕಾರಣವಿದೆ. ಆಲಿಸ್ ಬಾಯಿ ತೆರೆಯುವುದು ಕೊನೆಯ ಅಧ್ಯಾಯದಲ್ಲಿ ಮಾತ್ರ. ಇದು ಕಟ್ಟುನಿಟ್ಟಾಗಿ ಥ್ರಿಲ್ಲರ್ ಅಲ್ಲ. ಆದರೆ ಒಬ್ಬನೇ ಖಳನಿಲ್ಲದೆ ವದಂತಿಯ ಕಥೆ ಹೇಳುವುದು ಹೇಗೆಂಬುದಕ್ಕೆ ಥ್ರಿಲ್ಲರ್‌ಗಳಿಗಿಂತ ಒಳ್ಳೆಯ ಮಾದರಿ.

ನಿಜವೂ ಸುಳ್ಳೂ ಒಂದೇ ಪ್ರವಾಹದಲ್ಲಿ ಬರಬಹುದು ಎಂಬುದಕ್ಕೆ ದೆಹಲಿಯ 2020ರ ಪ್ರಕರಣ ಸಾಕ್ಷಿ. ಹುಡುಗಿಯರ ಫೋಟೋ ಹಂಚಿಕೊಂಡು ಕೀಳಾಗಿ ಮಾತಾಡುತ್ತಿದ್ದ ಶಾಲಾ ಹುಡುಗರ ಇನ್‌ಸ್ಟಾಗ್ರಾಂ ಗುಂಪು ನಿಜವಾಗಿಯೂ ಇತ್ತು. ಆದರೆ ಅದರ ಜೊತೆ ಹರಿದಾಡಿದ, ಅತ್ಯಾಚಾರದ ಸಂಚಿನಂತೆ ಕಂಡ ಒಂದು ಸ್ಕ್ರೀನ್‌ಶಾಟ್ ಆ ಗುಂಪಿಗೆ ಸೇರಿದ್ದಲ್ಲ, ಹುಡುಗನ ಹೆಸರಿನಲ್ಲಿ ಹುಡುಗಿಯೊಬ್ಬಳು ನಡೆಸಿದ ಬೇರೆಯೇ ಮಾತುಕತೆ ಎಂದು ಪೊಲೀಸರು ಆಮೇಲೆ ತಿಳಿಸಿದರು.

ರೂಪ ಮತ್ತು ಮಿತಿ

ಚಾಟ್, ಸಂದರ್ಶನದ ಪ್ರತಿಲಿಪಿ, ಪೊಲೀಸ್ ಟಿಪ್ಪಣಿ, ನಕ್ಷೆ, ಪಾಡ್‌ಕಾಸ್ಟ್ ಪಠ್ಯ ಇವೆಲ್ಲ ಈ ಕಾದಂಬರಿಗಳ ಪುಟಗಳಲ್ಲಿ ಸಾಮಾನ್ಯ. ಇವು ಅಲಂಕಾರಕ್ಕಲ್ಲ. ದಾಖಲೆಯಂತೆ ಕಾಣುವುದೆಲ್ಲ ಸಾಕ್ಷ್ಯವಲ್ಲ ಎಂಬುದನ್ನು ಓದುಗರು ತಾವೇ ಓದಿ, ತಾವೇ ಮೋಸಹೋಗಿ ಕಲಿಯುತ್ತಾರೆ. ಅಬಿಗೇಲ್ ಹಾಸ್‌ರ ‘ಡೇಂಜರಸ್ ಗರ್ಲ್ಸ್’ನಲ್ಲಿ (2013) ರಜೆಗೆ ಹೋದಲ್ಲಿ ಗೆಳತಿಯ ಕೊಲೆಯ ಆರೋಪ ಹೊತ್ತ ಹುಡುಗಿಯ ಹಳೆಯ ಫೋಟೋಗಳನ್ನು ಟಿವಿ ವಾಹಿನಿಗಳು ಅವಳ ಕ್ರೌರ್ಯಕ್ಕೆ ಸಾಕ್ಷಿಯಾಗಿ ಬಿತ್ತರಿಸುತ್ತವೆ. ಓದುಗರಿಗೆ ಅವಳ ಮೇಲೆ ಕನಿಕರ ಬೆಳೆಯುತ್ತದೆ. ಕೊನೆಯ ಪುಟಗಳು ಆ ಕನಿಕರವನ್ನೇ ಪ್ರಶ್ನಿಸುತ್ತವೆ.

ಮಿತಿಗಳಲ್ಲಿ ದೊಡ್ಡದು ಒಬ್ಬ ಸೂತ್ರಧಾರನ ಮೇಲಿನ ಅವಲಂಬನೆ. ಅವನು ಸಿಕ್ಕಿಬಿದ್ದ ಕೂಡಲೇ ಹಂಚಿಕೊಂಡ ಕೈಗಳೆಲ್ಲ ಶುದ್ಧವಾಗಿಬಿಡುತ್ತವೆ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ಹದಿಹರೆಯದವರಿಗೆಂದು ಬರೆದದ್ದಲ್ಲ, ಇಂಟರ್‌ನೆಟ್‌ಗಿಂತ ಹಿಂದಿನದು. ಆದರೂ ಈ ವಿಷಯದಲ್ಲಿ ಅದು ಮುಂದಿದೆ. ಏಲಕ್ಕಿ ಬೆಳೆಯ ಕುಸಿತದ ಬೆನ್ನುಹತ್ತಿ ಕೆಸರೂರಿಗೆ ಬಂದ ಅಂಗಡಿ ಎಂಬ ಅಧಿಕಾರಿಯ ಪತ್ತೇದಾರಿಕೆ ಊರಿನ ಗಾಳಿಸುದ್ದಿ, ಜಾತಿ, ಕೋಮುದ್ವೇಷಗಳ ನಡುವೆ ಹೂತುಹೋಗುತ್ತದೆ. ಬೊಟ್ಟು ಮಾಡಿ ತೋರಿಸಲು ಒಬ್ಬ ಅಪರಾಧಿ ಸಿಗುವುದಿಲ್ಲ, ಊರು ಮಾತ್ರ ಉರಿಯುತ್ತದೆ.

ಎರಡನೆಯ ಮಿತಿ ಕಾನೂನಿನದು. ಮಾನಹಾನಿ, ತಾಣಗಳ ಹೊಣೆಗಾರಿಕೆ, ಅಪ್ರಾಪ್ತರ ಖಾಸಗಿತನ ಇವು ಕಥೆಗಳಲ್ಲಿ ವಿರಳವಾಗಿ ಬರುತ್ತವೆ. ಬಳಕೆದಾರರ ಬರಹಕ್ಕೆ ತಾಣಗಳನ್ನು ಬಹುಮಟ್ಟಿಗೆ ಹೊಣೆಯಿಂದ ಬಿಡಿಸಿದ ಅಮೆರಿಕದ 1996ರ ಕಾನೂನಿನ 230ನೇ ಕಲಂ ಇಲ್ಲದಿದ್ದರೆ ಯಿಕ್ ಯಾಕ್‌ನಂಥ ಆ್ಯಪ್‌ಗಳು ಬದುಕುವುದೇ ಕಷ್ಟವಿತ್ತು; ಪಾತ್ರಗಳ್ಯಾರೂ ಅದರ ಸುದ್ದಿ ಎತ್ತುವುದಿಲ್ಲ. ಮೂರನೆಯದು, ನಿರ್ದೋಷಿ ಎಂದು ಸಾಬೀತಾದ ನಂತರದ ಬದುಕು. ಥ್ರಿಲ್ಲರ್ ಅಲ್ಲಿಗೆ ಮುಗಿಯುತ್ತದೆ. ಹುಡುಕುತಾಣದಲ್ಲಿ ಹೆಸರು ಹಾಗೇ ಉಳಿಯುತ್ತದೆ. ಸೇಲಂನಲ್ಲಿ ಆರೋಪಿಸಿದ ಹುಡುಗಿಯರಲ್ಲಿ ಒಬ್ಬಳಾದ ಆ್ಯನ್ ಪಟ್ನಮ್ 1706ರಲ್ಲಿ, ಹದಿನಾಲ್ಕು ವರ್ಷಗಳ ನಂತರ, ಚರ್ಚಿನಲ್ಲಿ ಎಲ್ಲರ ಮುಂದೆ ಕ್ಷಮೆ ಕೋರಿದಳು. ಸಂದೇಶ ಮುಂದಕ್ಕೆ ಕಳಿಸಿದ ನೂರಾರು ಸಹಪಾಠಿಗಳಲ್ಲಿ ಒಬ್ಬರಾದರೂ ಹೀಗೆ ಎದ್ದು ನಿಲ್ಲುವುದೇ ಕಥೆಯ ತಿರುವಾಗಿರುವ ಹದಿಹರೆಯದ ಥ್ರಿಲ್ಲರ್‌ಗಳು ಅಪರೂಪ. ಯಾರು ಮಾಡಿದರು ಎಂಬ ಪ್ರಶ್ನೆಗೆ ಈ ಪ್ರಕಾರ ಜಾಣ ಉತ್ತರಗಳನ್ನು ಕೊಟ್ಟಿದೆ. ನಂಬಿದವರು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಮುಟ್ಟಿದ್ದು ಕಡಿಮೆ.